ಒಂದು ಹೆಸರು ಬಿಟ್ಟು

ಗದಗಿನಲ್ಲಿ ಮರೆವು ಬಂದ ವೃದ್ಧರಿಗೆಲ್ಲ ಈಗ ನೆನಪು ಬರುವುದು ಒಂದು ಸರ್ವರ್‌ನಿಂದ. ಸಂಜೆ ಅದನ್ನು ನಿಲ್ಲಿಸುತ್ತಾರೆ; ಅದರೊಂದಿಗೆ ಅವರ ನೆನಪೂ ಹೋಗುತ್ತದೆ. ಬೆಳಿಗ್ಗೆ ಏಳಕ್ಕೆ ದಾಕ್ಷಾಯಣಿ ಕಪ್ಪು ಪರದೆಯ ಮೇಲೆ ಒಂದು ಸಾಲು ಆಜ್ಞೆ ಟೈಪ್ ಮಾಡಿ ಮತ್ತೆ ಶುರು ಮಾಡುತ್ತಾಳೆ.

ಅಂದು ಅವಳು ತಾಯಿ ಬಸಲಿಂಗವ್ವನನ್ನೂ ಆಫೀಸಿಗೆ ಕರೆತಂದಿದ್ದಳು. ಮಗಳನ್ನು ಯಾರೋ ಎಂದುಕೊಂಡ ಬಸಲಿಂಗವ್ವ ಕುರ್ಚಿಯಲ್ಲಿ ಕೂತು ನಗುನಗುತ್ತ ಅವಲಕ್ಕಿ ತಿನ್ನುತ್ತಿದ್ದಳು. ಅವಳ ಮಗ, ದಾಕ್ಷಾಯಣಿಯ ತಮ್ಮ ಈರಣ್ಣ ತೀರಿಕೊಂಡು ಮೂರು ವಾರವಾಗಿತ್ತು. ದಿನವೂ ಏಳು ಗಂಟೆಗೆ ಆ ಸಾವು ತಾಯಿಯ ಪಾಲಿಗೆ ಹೊಸದಾಗಿ ಬರುತ್ತಿತ್ತು.

ಆಜ್ಞೆಯ ಕೊನೆಗೆ ವೃದ್ಧರ ಹೆಸರಿನ ಜೊತೆ ಇನ್ನೊಂದು ಹೆಸರು ಸೇರಿಸಿದರೆ, ಆ ಒಬ್ಬರ ನೆನಪು ಮಾತ್ರ ಅವರಿಗೆ ಬರುವುದಿಲ್ಲ. ದಾಕ್ಷಾಯಣಿ ತಾಯಿಯ ಹೆಸರು ಬರೆದು, ತಮ್ಮನ ಹೆಸರನ್ನೂ ಬರೆದಳು. ಆದರೆ ಎಂಟರ್ ಒತ್ತಲಿಲ್ಲ.

"ಏನ ಬರಿಯಾಕತ್ತೀಯವಾ?" ತಾಯಿ ಕೇಳಿದಳು.

"ನಿನಗ ನೆನಪು ಕೊಡೋದು ಇದು. ಅದರಾಗ ಒಂದು ದೊಡ್ಡ ದುಃಖ ಐತಿ. ಬಿಟ್ಟುಬಿಡ್ಲೇನು?"

"ಯಾರದು?"

"ನಿನ್ನ ಮಗಂದು."

ಬಸಲಿಂಗವ್ವ ತಟ್ಟೆ ಕೆಳಗಿಟ್ಟಳು. "ನನಗ ಮಗ ಇದ್ದನೇನು?"

"ಇದ್ದ."

"ಹಂಗಾರ ಬಿಡಬ್ಯಾಡ. ಪೂರಾ ಕೊಡು."

ದಾಕ್ಷಾಯಣಿ ಎರಡೂ ಹೆಸರುಗಳನ್ನು ಅಳಿಸಿ ಎಂಟರ್ ಒತ್ತಿದಳು. ಪರದೆಯ ಮೇಲೆ ಸಾಲುಗಳು ಓಡಿ ನಿಂತವು. ಬಸಲಿಂಗವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ಕೊನೆಗೆ ಕಣ್ಣೊರೆಸಿಕೊಂಡು ಮಗಳನ್ನು ನೋಡಿದಳು.

"ದಾಕ್ಷೀ, ಅವ ನಿನಗೂ ತಮ್ಮ ಅಲ್ಲೇನು? ನೀ ಅತ್ತಿಯೋ ಇಲ್ಲೋ?"

ಮೂರು ವಾರದಲ್ಲಿ ಯಾರೂ ಕೇಳದ ಮಾತದು. ದಾಕ್ಷಾಯಣಿ ತಾಯಿಯ ಮಡಿಲಲ್ಲಿ ತಲೆಯಿಟ್ಟಳು.