ಅಕ್ಕನಿಗೆ ಕಾಸಿದ ತುಪ್ಪ

ಬೆಣ್ಣೆ ಕಾಸುವಾಗ ಹಾಕುವ ವೀಳ್ಯದೆಲೆಯ ವಾಸನೆ ಮೂಗಿಗೆ ಬಡಿದರೆ, ಈಗಲೂ ನಾನು ಅಡುಗೆಮನೆಯಿಂದ ಎದ್ದು ಹೊರಗೆ ಬರುತ್ತೇನೆ.

ಆ ಮಧ್ಯಾಹ್ನ ಅಕ್ಕ ಚೊಚ್ಚಲ ಹೆರಿಗೆಗೆಂದು ಶಹಾಪುರದ ದವಾಖಾನೆಯಲ್ಲಿದ್ದಳು. ಸುರಪುರದ ನಮ್ಮ ಮನೆಯಲ್ಲಿ ಅವ್ವ ಅವಳ ಬಾಣಂತನಕ್ಕೆ ತುಪ್ಪ ಕಾಸುತ್ತಿದ್ದಳು. ಒಲೆಯ ಪಕ್ಕ ಕೂತು ನಾನು ಶಾಲೆಯ ಪ್ರಶ್ನೆ ಕೇಳಿದೆ: ಅಡುಗೆಯಲ್ಲಿ ಯಾವುದು ಬದಲಾದರೂ ಮತ್ತೆ ಮೊದಲಿನಂತಾಗುತ್ತದೆ, ಯಾವುದು ಆಗುವುದಿಲ್ಲ?

"ತುಪ್ಪ ಕರಗಿದ್ರೂ ಆರಿದ ಮ್ಯಾಲ ಮತ್ತ ಗಟ್ಟಿ ಆಗ್ತದ," ಅಂದಳು ಅವ್ವ. ತಳದ ಕೆಂಪು ಗಸಿಯನ್ನು ಸೌಟಿನಲ್ಲಿ ಎತ್ತಿ ತೋರಿಸಿದಳು. "ಇದು ನೋಡು, ಇನ್ನ ಬೆಳ್ಳಗ ಆಗೂದಿಲ್ಲ."

ತುಪ್ಪ ಸೋಸುವ ಹೊತ್ತಿಗೆ ಅಪ್ಪ ಬಂದ. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ. "ಮಗಳು ಉಳದಾಳ. ಕೂಸು ಉಳೀಲಿಲ್ಲ."

ಕೊನೆಯ ಹನಿ ಭರಣಿಗೆ ಇಳಿಯುವವರೆಗೂ ಅವ್ವ ಸೋಸುತ್ತಲೇ ಇದ್ದಳು.

ಅಕ್ಕ ಮನೆಗೆ ಬಂದ ದಿನ ಅವ್ವ ಬಿಸಿ ರೊಟ್ಟಿಯ ಮೇಲೆ ಆ ತುಪ್ಪ ಹಾಕಿದಳು. ಅಕ್ಕ ತಾಟು ಸರಿಸಿದಳು. "ಹಾಲು ಕುಡಿಯೋರೇ ಇಲ್ಲ. ನನಗ್ಯಾಕವ್ವ ತುಪ್ಪ?"

ಭರಣಿ ಗೋಡೆಯ ಗೂಡಿನಲ್ಲೇ ಉಳಿಯಿತು. ತುಪ್ಪ ಚಳಿಗೆ ಹರಳುಗಟ್ಟಿತು, ಬೇಸಿಗೆಗೆ ಕರಗಿತು, ಮತ್ತೆ ಹರಳುಗಟ್ಟಿತು. ಅದರಲ್ಲಿ ಯಾರೂ ಚಮಚ ಅದ್ದಲಿಲ್ಲ.