ಒಂಬತ್ತನೆಯ ಗ್ರಹ ಎಲ್ಲಿ ಹೋಯಿತು?

ಹತ್ತನೆಯ ಕಟ್ಟೂ ಜಾಗ ಬದಲಿಸಿತ್ತು. ನಿನ್ನೆ ಬೆಳಿಗ್ಗೆ ಎಡಗಡೆಯ ಕಪಾಟಿನಲ್ಲಿತ್ತು, ಇಂದು ಬಲಗಡೆಯದರಲ್ಲಿ. ಎಡಗಡೆ ಇರುವುದು ತಿದ್ದಬೇಕಾದ ಉತ್ತರಪತ್ರಿಕೆಗಳು, ಬಲಗಡೆ ತಿದ್ದಿದವು. ಮುಷ್ಕರಕ್ಕೆ ಹನ್ನೆರಡು ದಿನ ತುಂಬಿತ್ತು. ಖಗೋಳಶಾಸ್ತ್ರ ವಿಭಾಗದ ಹದಿನೆಂಟು ಸಂಶೋಧನಾ ವಿದ್ಯಾರ್ಥಿಗಳೂ ಪೆನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿದ್ದರು.

ಯಾರೋ ಮುಟ್ಟಿದ್ದರು. ಅದೂ ಹಸಿರು ಶಾಯಿಯ ಪೆನ್ನು.

ಪಾಠ ಮಾಡಲು, ದೂರದರ್ಶಕ ಒರೆಸಲು, ಪತ್ರಿಕೆ ತಿದ್ದಲು ಇವರೇ ಬೇಕು. ನಮ್ಮನ್ನೂ ನೌಕರರೆಂದು ಬರೆದುಕೊಡಿ ಎಂದರೆ ಮಾತ್ರ ಆಡಳಿತದವರಿಗೆ ಇವರು ತಟ್ಟನೆ ಓದುವ ಮಕ್ಕಳಾಗಿಬಿಡುತ್ತಿದ್ದರು. ಇವರ ಕೈಯಲ್ಲಿದ್ದ ಅಸ್ತ್ರ ಒಂದೇ, ಮೊದಲ ವರ್ಷದ ಫಲಿತಾಂಶ. ಅದು ಶುಕ್ರವಾರ ಹೊರಬಿದ್ದರೆ ಮುಷ್ಕರ ಅಲ್ಲಿಗೇ ಮುಗಿದಂತೆ.

ಮುಷ್ಕರದ ಕಾರ್ಯದರ್ಶಿ ಹಾಗೆ ತಿದ್ದಿದ ಒಂದು ಪತ್ರಿಕೆಯನ್ನು ಗೇಟಿನ ಬಳಿಯ ಚಪ್ಪರಕ್ಕೆ ತಂದು ಮೇಜಿನ ಮೇಲೆ ಹರಡಿದಳು. ಏಳು ವರ್ಷದಿಂದ ಆ ವಿಭಾಗದ ಬರವಣಿಗೆಯೆಲ್ಲ ಅವಳದೇ: ಪ್ರಶ್ನೆಪತ್ರಿಕೆ, ಪ್ರೊಫೆಸರರ ಭಾಷಣ, ತನ್ನನ್ನು ತಾನೇ ಹೊಗಳಿಕೊಂಡ ಶಿಫಾರಸು ಪತ್ರ. ಕೊನೆಗೆ ಸಹಿಯ ಜಾಗದಲ್ಲಿ ಪ್ರೊಫೆಸರರ ಹೆಸರಿನ ಮೊಹರು ಒತ್ತುವವಳೂ ಅವಳೇ. ಹದಿನೆಂಟು ಜನರ ಕೈಬರಹವೂ ಅವಳಿಗೆ ಗೊತ್ತು. ಇದು ಅವರಲ್ಲಿ ಯಾರದೂ ಆಗಿರಲಿಲ್ಲ.

"ಯಾರೋ ಹೊಸಬರು," ಎಂದಳು. "ಅಂಕ ಕೂಡಿಸೋಕೂ ಬಂದಿಲ್ಲ. ಮುಖಪುಟ ತುಂಬೋದು ಮರೆತಿದ್ದಾರೆ. ಗ್ರಹ ಎಂಟು ಅಂತ ಸರಿಯಾಗಿ ಬರೆದ ಹುಡುಗನ ಅಂಕ ಕಳೆದು, ಪಕ್ಕದಲ್ಲಿ 'ಒಂಬತ್ತನೆಯದು ಎಲ್ಲಿ ಹೋಯಿತು?' ಅಂತ ಕೇಳಿದ್ದಾರೆ."

"ಹೊಸಬರಲ್ಲ, ಹಳಬರು," ಎಂದ ಲಂಬು. ಮುಷ್ಕರ ಸಮಿತಿಯಲ್ಲಿ ಅವನೇ ಎಲ್ಲರಿಗಿಂತ ಎತ್ತರ, ಅನುಮಾನದಲ್ಲಿ ಇನ್ನೂ ಒಂದು ಗೇಣು ಹೆಚ್ಚು. "ಒಂಬತ್ತು ಗ್ರಹ ಇದ್ದ ಕಾಲದವರು. ರಿಟೈರಾದ ಯಾರೋ ಮೇಷ್ಟ್ರು. ಅಂಥವರು ಯಾರ ಮನೇಲಿದ್ದಾರೆ ಹೇಳಿ?"

ಎಲ್ಲರ ಕಣ್ಣೂ ಗುಬ್ಬಿಯ ಮೇಲೆ ಬಿತ್ತು. ಗುಬ್ಬಿ ಅವರಲ್ಲೆಲ್ಲ ಕಿರಿಯವಳು, ಕಾರ್ಯದರ್ಶಿಯ ಜೊತೆ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಐದು ವರ್ಷ ಇದ್ದವಳು. ಮುಷ್ಕರದ ಎರಡನೇ ದಿನವೇ ಅವಳ ಅಪ್ಪ ಊರಿನಿಂದ ಬಂದು ಅಣ್ಣನ ಮನೆಯಲ್ಲಿ ಇಳಿದುಕೊಂಡಿದ್ದರು. ನಿವೃತ್ತ ಶಾಲಾ ಮೇಷ್ಟ್ರು.

ಅಷ್ಟರಲ್ಲಿ ಪ್ರೊಫೆಸರರ ಕಾರು ಗೇಟಿನಲ್ಲಿ ನಿಂತಿತು. "ಬಿಸಿಲು ಜಾಸ್ತಿ, ನೀರು ಕುಡೀರಪ್ಪ," ಎಂದರು, ದಿನವೂ ಹೇಳುವಂತೆ. ಬಲಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. ಶಟಲ್ ಆಡುವಾಗ ಉಳುಕಿತಂತೆ. ಎಲ್ಲರೂ ಎದ್ದು ನಿಂತು ಅಯ್ಯೋ ಪಾಪ ಎಂದರು, ಕಾರು ಒಳಗೆ ಹೋದ ಮೇಲೆ ಮತ್ತೆ ಗುಬ್ಬಿಯತ್ತ ತಿರುಗಿದರು.

"ಪತ್ರಿಕೆ ಇಟ್ಟಿರೋ ಕೋಣೆಗೆ ಇರೋದು ಮೂರೇ ಕೀಲಿಕೈ," ಎಂದ ಲಂಬು. "ಒಂದು ಕಾರ್ಯದರ್ಶಿ ಹತ್ರ, ಒಂದು ಪ್ರೊಫೆಸರ್ ಹತ್ರ. ಅವರಿಗೆ ಆ ಕೋಣೆ ಯಾವ ಮಹಡೀಲಿದೆ ಅಂತಾನೇ ಗೊತ್ತಿಲ್ಲ. ಮೂರನೇದು ಗುಬ್ಬಿ ಹತ್ರ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

"ನಮ್ಮಪ್ಪ ಈ ಕಡೆ ತಲೆ ಹಾಕಿಲ್ಲ."

"ಹಾಗಿದ್ರೆ ಕರ್ಕೊಂಡು ಬಾ. ನಾಲ್ಕು ಸಾಲು ಬರೆದು ತೋರಿಸಲಿ."

"ಮೂವತ್ತೈದು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದೋರು. ಅವರನ್ನ ನಿಮ್ಮ ಮುಂದೆ ಕೂರಿಸಿ ಕಾಪಿ ಬರೆಸಲಾ? ನಾನು ಕರೆಯಲ್ಲ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ."

ನಾಲ್ಕು ಗಂಟೆಗೆ ಸಮಿತಿಯ ತೀರ್ಮಾನ ಎಂದಾಯಿತು. ಮುಷ್ಕರ ಮುರಿದವರ ಫೋಟೊ ಗೇಟಿಗೆ ಅಂಟಿಸಬೇಕೆಂಬ ನಿಯಮವನ್ನು ಮೊದಲ ದಿನ ಬಹಳ ಹುರುಪಿನಿಂದ ಬರೆದವಳು ಕಾರ್ಯದರ್ಶಿಯೇ.

"ಅಕ್ಕಾ, ನೀನೂ ನಂಬ್ತೀಯಾ?" ಎಂದು ಗುಬ್ಬಿ ಮೆಲ್ಲಗೆ ಕೇಳಿದಳು.

ಕಾರ್ಯದರ್ಶಿಗೆ ಜ್ವರ ಬಂದಾಗ ಮೂರು ದಿನ ಹಣೆಗೆ ಒದ್ದೆ ಬಟ್ಟೆ ಹಾಕಿದ ಹುಡುಗಿ. ಇಲ್ಲ ಎನ್ನಬೇಕಿತ್ತು. ಕಾರ್ಯದರ್ಶಿ ಮೇಜಿನ ಮೇಲಿನ ಪತ್ರಿಕೆಯನ್ನು ಮಡಚತೊಡಗಿದಳು, ಅದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮಧ್ಯಾಹ್ನ ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಮೂರನೇ ಮಹಡಿ ಹತ್ತಿದಳು. ಪತ್ರಿಕೆಗಳ ಕೋಣೆಯ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿತ್ತು. ಕಿವಿಗೊಟ್ಟಳು. ವಯಸ್ಸಾದ ಗಂಡಸಿನ ಪಿಸುದನಿ, ಬೆರಳು ಮಡಚಿ ಎಣಿಸುವಂತಿತ್ತು. "ಏಳೂ ಎಂಟೂ ಹದಿನೈದು, ಹದಿನೈದೂ ಆರೂವರೆ..." ಆಮೇಲೆ ಒಂದು ನಿಟ್ಟುಸಿರು, ಮತ್ತೆ ಏಳರಿಂದ ಶುರು. ಗುಬ್ಬಿಯ ಅಪ್ಪನೇ ಆಗಿದ್ದರೆ ಏನು ಮಾಡುವುದು?

ಕೀಲಿಕೈ ಹಾಕಿ ಬಾಗಿಲು ತೆರೆದಳು. ನೋಡಿದಳು. ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು.

ನಾಲ್ಕು ಗಂಟೆಗೆ ಚಪ್ಪರಕ್ಕೆ ಬಂದವಳು ನೆಟ್ಟಗೆ ಗುಬ್ಬಿಯ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಳು. "ತಪ್ಪಾಯ್ತು ಕಣೇ," ಎಂದಳು. ಆಮೇಲೆ ಬೇಡಿಕೆಗಳ ಪತ್ರವನ್ನು ಮೇಜಿನ ಮೇಲಿಟ್ಟಳು. ಅದರ ಕೆಳಗೆ, 'ಇವರ ಬೇಡಿಕೆ ನ್ಯಾಯವಾದದ್ದು, ದಯವಿಟ್ಟು ಬೇಗ ಒಪ್ಪಿಕೊಳ್ಳಿ' ಎಂದು ಹಸಿರು ಶಾಯಿಯಲ್ಲಿ ಬರೆದಿತ್ತು. ಪಕ್ಕದಲ್ಲೊಂದು ಸಹಿ. ಅಂಥ ಸಹಿಯನ್ನು ಅಲ್ಲಿದ್ದವರು ಯಾರೂ ಕಂಡಿರಲಿಲ್ಲ.

"ಗುಬ್ಬಿಯ ಅಪ್ಪ ಅಲ್ಲ," ಎಂದಳು. "ಇವರ್ಯಾರೋ ಪಾಪದವರು. ತಿದ್ದಿ ರೂಢಿಯಿಲ್ಲ. ದಿನಕ್ಕೊಂದು ಕಟ್ಟು ಮುಗಿಸೋಷ್ಟರಲ್ಲಿ ಕೈ ಊದ್ಕೊಂಡಿದೆ. ಕೂಡಿಸೋದು ಹೇಗೆ ಅಂತ ತೋರಿಸಿಕೊಡಮ್ಮ ಅಂದ್ರು. ಮುಷ್ಕರ ಮುಗೀಲಿ, ತೋರಿಸ್ತೀನಿ ಅಂದೆ. ತಕ್ಷಣ ಸಹಿ ಹಾಕಿದ್ರು. ನಾಳೆಯಿಂದ ಪೆನ್ನು ಮುಟ್ಟಲ್ವಂತೆ."

ಲಂಬುವಿಗೆ ಇದು ಸಾಲಲಿಲ್ಲ. "ಕೆಲಸ ಬರದೇ ಇರೋರನ್ನ ಈ ಕೆಲಸಕ್ಕೆ ತಂದು ಕೂರಿಸಿದ್ದು ಯಾರು? ಅದು ಹೇಳು."

"ಯೂನಿವರ್ಸಿಟಿನೇ," ಎಂದಳು ಕಾರ್ಯದರ್ಶಿ. "ಇಪ್ಪತ್ತೈದು ವರ್ಷದ ಹಿಂದೆ. ಪ್ರೊಫೆಸರ್ ಅಂತ."