ಬಳಪದ ಚೂರು

ಒಗೆಯಲು ತೆಗೆದ ಸೊಸೆಯ ಸೀರೆಯ ಸೆರಗಿನ ಗಂಟು ಬಿಚ್ಚಿದರೆ ಒಳಗೆ ಬಳಪದ ಚೂರುಗಳಿದ್ದವು. ರಾಚವ್ವ ಒಂದನ್ನು ಮೂಸಿ ನೋಡಿದಳು. ಮಗ ಸಂಗು ಹೊಟ್ಟೆಯಲ್ಲಿದ್ದಾಗ ತಾನೂ ಹೀಗೇ ಕದ್ದು ಬಳಪ ತಿಂದವಳು. ಆದರೆ ಆ ಸಂಗು ಬೋರ್‌ವೆಲ್ ಗಾಡಿಯ ಜೊತೆ ಛತ್ತೀಸಗಡಕ್ಕೆ ಹೋಗಿ ಐದು ತಿಂಗಳಾಗಿತ್ತು.

ನಿದ್ದೆ ಬರುವುದಿಲ್ಲವೆಂದ ಸೊಸೆಯನ್ನು ಸೋಮವಾರ ಸಾರವಾಡದಿಂದ ಜಲನಗರದ ದವಾಖಾನೆಗೆ ಕರೆದೊಯ್ದವಳೂ ರಾಚವ್ವನೇ. ಡಾಕ್ಟರಮ್ಮ ಅತ್ತೆಯನ್ನು ಹೊರಗೆ ಕೂರಿಸಿದ್ದಳು. ಸೊಸೆ ವಿಜಯಲಕ್ಷ್ಮೀ ಕಣ್ಣು ಕೆಂಪಗೆ ಮಾಡಿಕೊಂಡು ಹೊರಬಂದು, “ಗುಳಿಗಿ ಏನೂ ಕೊಟ್ಟಿಲ್ರಿ” ಅಂದಿದ್ದಳು. ಯಾಕೆ ಕೊಡಲಿಲ್ಲ ಎಂಬುದು ಈಗ ಹೊಳೆಯಿತು.

ಅಡುಗೆಮನೆಯಲ್ಲಿ ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಕಾಕಾ, ಅಪ್ಪನ ತಮ್ಮ, ಬಬಲೇಶ್ವರದಿಂದ ಊಟಕ್ಕೆ ಬರುವವನಿದ್ದ. ರಾಚವ್ವ ಬಳಪಗಳನ್ನು ಅವಳ ಮುಂದೆ ಸುರಿದಳು.

“ಎಷ್ಟ ತಿಂಗಳು?”

“ಏನ್ರಿ ಅತ್ತಿ?”

“ಕಣ್ಣ ಬಿಡಬ್ಯಾಡ. ನಾ ಏನ್ ಹಡದಿಲ್ಲೇನ? ಯಾರದು, ಹೇಳು. ಇಲ್ಲಾಂದ್ರ ನಿಮ್ಮ ಕಾಕಾನ ಗಾಡಿ ಹತ್ತಿಸಿ ಇವತ್ತ ತವರಿಗಿ ಅಟ್ಟತೇನಿ.”

ಕಾಕಾನ ಮಾತು ಬಂದದ್ದೇ ಸೊಸೆಯ ಕೈಕೆಳಗಿನ ರೊಟ್ಟಿ ಹರಿಯಿತು. ಅವಳು ಎದ್ದು ಜೋಳದ ಚೀಲಗಳ ಹಿಂದಿನಿಂದ ಶಾಲೆಯ ಮಕ್ಕಳ ಪಾಟಿಯೊಂದನ್ನು ತಂದಳು. ಮೇಲೆ ಸೊಟ್ಟಸೊಟ್ಟ ಅಕ್ಷರ.

“ಸಣ್ಣಾಕಿ ಇದ್ದಾಗ ನನಗ ವಿಜ್ಜಿ ಅಂತಿದ್ರು. ಆ ಹುಡಗೀನ್ನ ಬರದು ಮಾತಾಡಸು ಅಂದಾರ್ರಿ ಡಾಕ್ಟರವ್ವ. ಬರೀತೇನಿ, ಅಳಸ್ತೇನಿ. ಅಷ್ಟರಿ.”

“ನಿನಗ ನೀನ ಬರಕೊಳ್ಳಾಕ ಹುಚ್ಚ ಹಿಡದೈತೇನ? ನನಗ ಓದಾಕ ಬರೂದಿಲ್ಲಂತ ಕತಿ ಕಟ್ಟಬ್ಯಾಡ. ಓದು ನೋಡೂಣು.”

ವಿಜಯಲಕ್ಷ್ಮೀ ಬೆರಳಿಟ್ಟು ಓದಿದಳು. “ವಿಜ್ಜಿ, ಚೀಲದ ಹಿಂದಿಂದ ಹೊರಗ ಬಾ. ಕಾಕಾ ಹ್ವಾದ. ನೀ ಹೇಳಿದ್ದು ಅವ್ವ ನಂಬಲಿಲ್ಲ. ನಾ ನಂಬತೇನಿ.”

ರಾಚವ್ವ ಪಾಟಿ ನೋಡಿದಳು, ಸೊಸೆಯ ಮುಖ ನೋಡಿದಳು. ಇದೂ ನಾಟಕವಿರಬಹುದು. ಹಂಚಿನ ಮೇಲೆ ರೊಟ್ಟಿ ಸೀದು ಹೊಗೆಯೆದ್ದಿತು, ಇಬ್ಬರೂ ತೆಗೆಯಲಿಲ್ಲ.

ಹೊರಗೆ ಮೋಟರ್ ಸೈಕಲ್ ನಿಂತ ಸದ್ದು. “ವಿಜ್ಜೀ! ಎಲ್ಲದೀ ಬೇ?”

ಪಾಟಿಯನ್ನು ಎದೆಗವಚಿಕೊಂಡು ಸೊಸೆ ಜೋಳದ ಚೀಲಗಳ ಸಂದಿಗೆ ಸರಿದು, ಮೊಣಕಾಲು ಮಡಚಿ ಕುಳಿತುಬಿಟ್ಟಳು. ಮೂವತ್ತರ ಹೆಂಗಸು. ಬಾಯಿಗೆ ಸೆರಗು ತುರುಕಿಕೊಂಡಿದ್ದಳು.

ರಾಚವ್ವ ಕೈಗಂಟಿದ ಬಳಪದ ಪುಡಿಯನ್ನೂ ಒರೆಸದೆ ಬಾಗಿಲಿಗೆ ಹೋದಳು. ಬಾಳೆಹಣ್ಣಿನ ಚೀಲ ಹಿಡಿದ ಕಾಕಾ ಆಗಲೇ ಹೊಸ್ತಿಲ ಮೇಲೆ ಒಂದು ಕಾಲಿಟ್ಟಿದ್ದ.

“ಅಕಿ ಮನ್ಯಾಗಿಲ್ರಿ.”

“ರೊಟ್ಟಿ ಹೊತ್ತಿದ ವಾಸನಿ ಬರಾಕತ್ತೈತಿ,” ನಗುತ್ತ ಅವನು ಅವಳ ಹೆಗಲ ಮೇಲಿಂದ ಇಣುಕಿದ. “ಒಳಗ ಯಾರೋ ಅದಾರಲ್ರಿ ಬೀಗತೇರ?”

ರಾಚವ್ವ ಎರಡೂ ಕೈ ಚೌಕಟ್ಟಿಗೆ ಊರಿದಳು.

“ಒಂದು ಸಣ್ಣ ಹುಡಗಿ ಐತ್ರಿ. ನಿಮ್ಮನ್ನ ಕಂಡ್ರ ಹೆದರತೈತಿ.”